ಚಿತ್ರದ ಪೀರಿಯಡ್

"ಮೊಳೆ ಹೊಡೀಬೇಡಿ ಅಂತ ಎಷ್ಟು ಸಲ ಹೇಳ್ಲಿ? ಈ ಗೋಡೆ ಬಣ್ಣ ಕಂಡಿದ್ದೇ ಮೊನ್ನೆ ಮೊನ್ನೆ," ಎಂದು ಚಿತಾಗಾರದ ಮೇಲ್ವಿಚಾರಕ ಬಸ್ ಡ್ರೈವರನ ಕೈಯಿಂದ ಸುತ್ತಿಗೆ ಕಿತ್ತುಕೊಂಡ.

"ಒಂದು ಮೊಳೆ ಹೊಡೆದ್ರೆ ಏನಾಗುತ್ತೆ ಸ್ವಾಮಿ? ಇಲ್ಲಿ ಮಲಗಿರೋರಿಗೆ ಎಚ್ಚರ ಆಗುತ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ನಕ್ಕಿದ್ದಕ್ಕೆ ತಾವೇ ಗಾಬರಿಯಾಗಿ ಕೆಮ್ಮಿದರು. ಡ್ರೈವರ್ ನಾಲಿಗೆ ಕಚ್ಚಿಕೊಂಡು ಪೆಟ್ಟಿಗೆಯ ಕಡೆ ತಿರುಗಿ, "ಸಾರಿ ಟೀಚರ್," ಎಂದ. ಅಷ್ಟರಲ್ಲಿ ಕೋರ್ಟಿನಿಂದ ಹಾಗೇ ಕಪ್ಪು ಕೋಟಿನಲ್ಲಿ ಓಡಿಬಂದಿದ್ದ ಲಾಯರು ತನ್ನ ಬ್ಯಾಗಿನೊಳಗೆ ಕೈಹಾಕಿ ಟೇಪಿನ ಸುರುಳಿಯೊಂದನ್ನು ಹೊರತೆಗೆದಳು.

"ಲಾಯರಮ್ಮನ ಬ್ಯಾಗಲ್ಲಿ ಟೇಪ್ ಯಾಕೆ?"

"ಹರಿದಿದ್ದನ್ನ ಅಂಟಿಸೋದೇ ನಮ್ಮ ಕಸುಬು ಕಣೋ. ಹಿಡ್ಕೋ ಆ ಮೂಲೇನ, ಸೊಟ್ಟ ಆಯ್ತು."

ಇಬ್ಬರೂ ಸೇರಿ ಸುರುಳಿ ಸುತ್ತಿದ್ದ ಒಂದು ಹಳೆಯ ಚಿತ್ರವನ್ನು ಬಿಚ್ಚಿ, ಪೆಟ್ಟಿಗೆಯ ತಲೆಯ ಭಾಗಕ್ಕೆ ನೇರವಾಗಿ, ಗೋಡೆಗೆ ಅಂಟಿಸಿದರು.

ಟೀಚರ್ ಮಗಳು ಅಪ್ಪನಿಗೆಂದು ತಂದ ನೀರಿನ ಲೋಟವನ್ನು ಹಿಡಿದು ನಿಂತಲ್ಲೇ ನಿಂತಿದ್ದಳು. ಒಳಗೆ ಇನ್ನೊಬ್ಬರದು ಮುಗಿದಿರಲಿಲ್ಲ. ಯಂತ್ರ ಕೈಕೊಟ್ಟಿತ್ತಂತೆ, ಈಗ ಸರಿಹೋಗಿದೆಯಂತೆ, ಆದರೂ ಕಾಯಬೇಕಂತೆ. ಸರದಿ ಬರುವವರೆಗೆ ಅಮ್ಮ ಪೆಟ್ಟಿಗೆಯಲ್ಲಿ, ಉಳಿದವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಸುಮ್ಮನೆ ಕಾಯುವುದನ್ನು ಅಮ್ಮನ ವಿದ್ಯಾರ್ಥಿಗಳು ಕಲಿತಿರಲಿಲ್ಲ. ಶಾಲೆಯ ಸ್ಟೋರ್‌ರೂಮಿನಲ್ಲಿ, ಬೀರುವಿನ ತಲೆಯ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದ ಚಿತ್ರವನ್ನು ಹುಡುಕಿಸಿ ತಂದಿದ್ದರು.

"ಟೀಚರ್‌ಗೆ ಕೊನೇದಾಗಿ ಒಂದು ಚಿತ್ರದ ಪೀರಿಯಡ್ ಮಾಡೋಣ ಅಂತ," ಎಂದಳು ಲಾಯರು, ಕೈಗೆ ಅಂಟಿದ ಧೂಳನ್ನು ಕೋಟಿಗೆ ಒರೆಸಿಕೊಳ್ಳುತ್ತ. "ನೀನೇ ನಡೆಸಿಕೊಡು. ಎಷ್ಟಾದ್ರೂ ಮಗಳು. ಅವರು ನಮಗೆಲ್ಲ ತಾಯಿ ಥರ ಇದ್ರು."

ನನಗೆ ಟೀಚರ್ ಥರ ಇದ್ದಳು ಎನ್ನುವ ಮಾತು ಮಗಳ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಉಗುಳಿನ ಜೊತೆ ನುಂಗಿ, "ನನಗೆ ಅದೆಲ್ಲ ಬರಲ್ಲ," ಎಂದಷ್ಟೇ ಹೇಳಿದಳು.

"ಬರದೇ ಏನು? ನೀನೂ ನಮ್ಮ ಕ್ಲಾಸೇ ತಾನೇ. ಎಲ್ಲಿ ಕೂತ್ಕೋತಿದ್ದೆ ನೀನು? ನೆನಪೇ ಬರ್ತಿಲ್ಲ ನೋಡು."

ಮುಂದಿನ ಸಾಲಿನಲ್ಲಿ ಅಪ್ಪ ಬಂದವರ ಕೈಗಳನ್ನೆಲ್ಲ ತನ್ನೆರಡೂ ಕೈಗಳಲ್ಲಿ ಹಿಡಿದು ಬಿಡುತ್ತ ಕೂತಿದ್ದ. ಅಳುವವರನ್ನು ಅವನೇ ಸಮಾಧಾನ ಮಾಡುತ್ತಿದ್ದ. ಜನರಿಗೆ ಇಷ್ಟವಾಗುವುದು ಅವನಿಗೆ ಮೊದಲಿನಿಂದಲೂ ಕರಗತ. ಅವನ ಕೋಟು ಬಾಗಿಲ ಪಕ್ಕದ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು. ಮಗಳು ಲೋಟವನ್ನು ಅವನ ಕೈಗಿಟ್ಟು, ಬೇರೆಲ್ಲೂ ನೋಡಲು ತೋಚದೆ ಚಿತ್ರದ ಕಡೆಗೆ ನೋಡಿದಳು.

ಯಾವುದೋ ಕಾಲದ ಕ್ಯಾಲೆಂಡರಿನಿಂದ ಕತ್ತರಿಸಿ ದಪ್ಪ ಕಾಗದಕ್ಕೆ ಅಂಟಿಸಿದ ದೊಡ್ಡ ಚಿತ್ರ. ಬರೆದವರ ಹೆಸರಿದ್ದ ಅಂಚು ಕತ್ತರಿಗೆ ಹೋಗಿತ್ತು. ಒಂದು ಅಡುಗೆಮನೆ. ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತ ಹೆಂಗಸು. ಮೇಜಿನ ಮುಂದೆ ಎರಡು ಮಕ್ಕಳು, ಒಂದು ಖಾಲಿ ಕುರ್ಚಿ. ಮೇಜಿನ ಕೆಳಗೆ ಬೆಕ್ಕು. ಅರ್ಧ ತೆರೆದ ಕಿಟಕಿ. ಹಿಂದೆ ಮಬ್ಬು ಗೋಡೆ. ಚಿತ್ರದ ತುಂಬ ಅಲ್ಲಲ್ಲಿ ಕಂದು ಕಲೆಗಳು: ಬೆಕ್ಕಿನ ಮೇಲೊಂದು, ಕಿಟಕಿಯ ಮೇಲೊಂದು, ಬ್ರೆಡ್ಡಿನ ಮೇಲೊಂದು. ಎಲ್ಲವೂ ಅಮ್ಮನ ಬೆರಳು ಮಾಡಿದ ಕಲೆಗಳು.

*

ವಾರಕ್ಕೊಮ್ಮೆ ಬೆಂಚುಗಳನ್ನು ಗೋಡೆಗೆ ಸರಿಸಿ, ಮಕ್ಕಳು ನೆಲದ ಮೇಲೆ ಬಿಲ್ಲಿನ ಹಾಗೆ ಬಾಗಿದ ಸಾಲಿನಲ್ಲಿ ಕೂರಬೇಕಿತ್ತು. ಮೊದಲು ಬಾಯಿ ಮುಚ್ಚಿಕೊಂಡು ನೋಡುವುದು. ಆಮೇಲೆ ಅಮ್ಮ ಕೇಳುತ್ತಿದ್ದಳು: "ಇಲ್ಲಿ ಏನು ನಡೀತಿದೆ?" ಯಾರಾದರೂ ಹೇಳಿದರೆ, "ಯಾವುದನ್ನ ನೋಡಿ ಹಾಗನ್ನಿಸ್ತು?" ಅದಾದ ಮೇಲೆ, "ಇನ್ನೇನು ಕಾಣುತ್ತೆ?" ಇಷ್ಟೇ. ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ, ಶಹಬ್ಬಾಸ್ ಎನ್ನುತ್ತಿರಲಿಲ್ಲ. ಮಗು ಏನು ಹೇಳಿತೋ ಅದರ ಮೇಲೆ ಬೆರಳಿಟ್ಟು, ಅದೇ ಮಾತನ್ನು ಇನ್ನಷ್ಟು ನೆಟ್ಟಗೆ ಮಾಡಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

ಈಗ ಬಸ್ ಓಡಿಸುವವನು ಆಗ ಕೊನೆಯ ಬೆಂಚಿನ ಮೂಗ. ಮೂಗನೇನಲ್ಲ, ಓದಲು ಬಾರದ್ದಕ್ಕೆ ಬಾಯಿ ಬಿಡುವುದನ್ನೇ ಬಿಟ್ಟಿದ್ದ. ಒಂದು ದಿನ ಅವನು, "ಬೆಕ್ಕಿಗೆ ಹಸಿವು," ಎಂದ.

"ಯಾವುದನ್ನ ನೋಡಿ ಹಾಗನ್ನಿಸ್ತು?"

"ಅದು ತಟ್ಟೆ ನೋಡ್ತಿಲ್ಲ. ಆಯಮ್ಮನ ಕಾಲು ನೋಡ್ತಿದೆ."

ಅಮ್ಮ ಬೆಕ್ಕಿನ ಮೇಲೆ ಬೆರಳಿಟ್ಟಳು. "ಬೆಕ್ಕಿಗೆ ಹಸಿವಾಗಿದೆ, ಯಾಕಂದ್ರೆ ಅದು ತಟ್ಟೆಯ ಬದಲು ಊಟ ಕೊಡೋರನ್ನ ನೋಡ್ತಿದೆ ಅಂತ ಇವನು ಹೇಳ್ತಿದ್ದಾನೆ." ಇಡೀ ತರಗತಿ ಬೆಕ್ಕಿನ ಕಣ್ಣು ಎತ್ತ ತಿರುಗಿದೆ ಎಂದು ಕತ್ತು ಚಾಚಿತು. ಹುಡುಗನ ಕಿವಿ ಕೆಂಪಾಯಿತು. ಅವತ್ತಿನಿಂದ ಅವನ ಹೆಸರು ಬೆಕ್ಕು. ಅದೇ ವಾರ ಅವನು ಪಾಟಿಯ ಮೇಲೆ ತನ್ನ ಜೀವನದ ಮೊದಲ ಪೂರ್ತಿ ವಾಕ್ಯ ಬರೆದ. ಅದರಲ್ಲೂ ಒಂದು 'ಯಾಕಂದ್ರೆ' ಇತ್ತು. ಕಿಟಕಿ ಯಾಕೆ ಅರ್ಧ ಮಾತ್ರ ತೆರೆದಿದೆ ಎಂದು ಪೀರಿಯಡ್ ಪೂರ್ತಿ ವಾದ ಮಾಡಿದ ಹುಡುಗಿ ಕಿಟಕಿಯಾದಳು, ಮುಂದೆ ಲಾಯರೂ ಆದಳು.

'ಯಾಕಂದ್ರೆ' ಅಂಟುರೋಗದ ಹಾಗೆ ಹಬ್ಬಿತು. ಲೆಕ್ಕದ ಪೀರಿಯಡ್ಡಿನಲ್ಲಿ ಮಕ್ಕಳು ಉತ್ತರದ ಹಿಂದೆಯೇ ಅದನ್ನು ಸೇರಿಸತೊಡಗಿದರು. ವಿಜ್ಞಾನದ ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ಗೋಳಾಡಿದರು: "ಬೀಜ ಉಸಿರಾಡುತ್ತೆ ಕಣ್ರೋ ಅಂದ್ರೆ, ಯಾವುದನ್ನ ನೋಡಿ ಹಾಗನ್ನಿಸ್ತು ಸಾರ್ ಅಂತ ನನ್ನನ್ನೇ ಕೇಳ್ತವೆ! ಪುಸ್ತಕದಲ್ಲಿದೆ ಅಂದ್ರೆ ಸಾಲದಂತೆ!" ಅಮ್ಮ ನಗುತ್ತಿದ್ದಳಂತೆ. ಅಮ್ಮ ನಕ್ಕಿದ್ದು ಮಗಳಿಗೆ ಗೊತ್ತಾಗುತ್ತಿದ್ದುದೇ ಹೀಗೆ, ಬೇರೆಯವರು ಹೇಳಿ.

ಮಗಳೂ ಆ ಸಾಲಿನಲ್ಲಿ ಕೂರುತ್ತಿದ್ದಳು, ಬಾಗಿಲ ಕಡೆಯ ತುದಿಯಲ್ಲಿ. ಪ್ರತಿ ಸಲ ಕೈ ಎತ್ತುತ್ತಿದ್ದಳು. ಅಮ್ಮನ ಕಣ್ಣು ಸಾಲಿನುದ್ದಕ್ಕೂ ಬಂದು, ಅವಳ ಕೈಯ ಹತ್ತಿರ ಬಂದು, ಅದರ ಮೇಲಿಂದ ದಾಟಿ ಮುಂದಕ್ಕೆ ಹೋಗುತ್ತಿತ್ತು.

"ನನ್ನ ಯಾಕೆ ಕೇಳಲ್ಲ ನೀನು?" ಎಂದು ಮನೆಯಲ್ಲಿ ಒಮ್ಮೆ ಜಗಳ ತೆಗೆದಿದ್ದಳು.

"ನಿನ್ನ ಕೇಳಿದ್ರೆ ಮಿಕ್ಕವರು ಏನಂತಾರೆ? ಮಗಳು ಅಂತ ತಲೆ ಮೇಲೆ ಕೂರಿಸ್ಕೊಂಡಿದ್ದಾಳೆ ಅನ್ನಲ್ವಾ?"

"ಮನೇಲಾದ್ರೂ ಕೇಳು."

"ಮನೇಲಿ ಚಿತ್ರ ಎಲ್ಲಿದೆ?" ಎಂದು ಅಮ್ಮ ಬಟ್ಟೆ ಮಡಚುವುದನ್ನು ಮುಂದುವರಿಸಿದಳು.

ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಅವಳದೂ ಅದೇ ಪ್ರಶ್ನೆ: ಏನು ಕಾಣುತ್ತೆ? ಆದರೆ ಅವಳ ಗೋಡೆಯ ಮೇಲಿರುವುದು ಅಕ್ಷರಗಳು. ಅಲ್ಲಿ ಸರಿ ಎಂದರೆ ಸರಿ, ತಪ್ಪೆಂದರೆ ತಪ್ಪು. ಅವಳು ಗಿರಾಕಿಗಳಿಗೆ ಎರಡನ್ನೂ ಬಾಯಿಬಿಟ್ಟು ಹೇಳುತ್ತಾಳೆ.

*

ಹಳೆಯ ಹೆಡ್‌ಮೇಷ್ಟ್ರು ಕೋಲೂರಿಕೊಂಡು ಒಳಗೆ ಬಂದಾಗ ಕೂತಿದ್ದವರಲ್ಲಿ ಅರ್ಧ ಜನ ಎದ್ದು ನಿಂತರು. ಮಗಳು ಏಳಲಿಲ್ಲ. ಅವರು ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು, ಗೋಡೆಯ ಮೇಲಿನ ಚಿತ್ರ ಕಂಡು, "ಓಹೋ, ಇದು ಇನ್ನೂ ಇದೆಯಾ!" ಎಂದರು. ಆಮೇಲೆ ಬಂದು ಅವಳ ಪಕ್ಕದ ಕುರ್ಚಿಯಲ್ಲೇ ಕೂತರು.

"ಇದೆ. ನೀವು ಬೀರು ಮೇಲೆ ಎಸೆದಿದ್ರೂ ಇದೆ," ಎಂದಳು.

"ಏನಮ್ಮಾ ಹಾಗಂದ್ರೆ?"

"ನಿಲ್ಲಿಸಿದ್ದು ನೀವೇ ಅಲ್ವಾ ಸಾರ್? ಪಾಠ ಮುಗಿಯಲ್ಲ, ಪರೀಕ್ಷೆಗೆ ಬರಲ್ಲ, ಚಿತ್ರ ಗಿತ್ರ ಬೇಡ ಅಂತ. ಅಮ್ಮ ಮನೆಗೆ ಬಂದು ಹೇಳಿದ್ಲು. ಆಮೇಲೆ ಅಷ್ಟು ವರ್ಷ ಬರೀ ಪುಸ್ತಕದ ಪ್ರಶ್ನೆ, ಪುಸ್ತಕದ ಉತ್ತರ ಬರೆಸಿ ರಿಟೈರ್ ಆದ್ಲು."

ಪಕ್ಕದಲ್ಲಿದ್ದ ಚಿಕ್ಕಮ್ಮ ಅವಳ ಮಂಡಿಯನ್ನು ಒತ್ತಿದಳು. "ಇವತ್ತು ಬೇಡ ಕಣೇ. ಹಳೇದೆಲ್ಲ ಕೆದಕಬೇಡ."

ಹೆಡ್‌ಮೇಷ್ಟ್ರು ಸಿಟ್ಟಾಗಲಿಲ್ಲ. ಕೋಲನ್ನು ಎರಡು ಕಾಲುಗಳ ನಡುವೆ ನಿಲ್ಲಿಸಿಕೊಂಡು ಅವಳ ಮುಖವನ್ನೇ ನೋಡಿದರು. "ಹಾಗಂತ ಹೇಳಿದ್ರಾ ಅವರು?" ಎಂದರು. "ನಾನು ನಿಲ್ಲಿಸಲಿಲ್ಲಮ್ಮಾ. ನಿಲ್ಲಿಸಬೇಡಿ ಅಂತ ಕೈಮುಗಿದವನು ನಾನು. ಮೇಲಿನವರು ನೋಡೋಕೆ ಬರ್ತಾರೆ, ನಾಲ್ಕಾರು ಸ್ಕೂಲಿನ ಮೇಷ್ಟ್ರುಗಳು ಕಲಿಯೋಕೆ ಬರ್ತಾರೆ ಅಂತ ದಿನ ಗೊತ್ತು ಮಾಡಿದ್ದೆ. ಅದಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ನನ್ನ ರೂಮಿಗೆ ಬಂದ್ರು. ಇನ್ನು ಮಾಡಲ್ಲ ಸಾರ್ ಅಂದ್ರು. ಯಾಕೆ ಅಂದೆ. ಮಾಡಲ್ಲ ಅಷ್ಟೇ ಅಂದ್ರು."

"ಯಾವಾಗ?"

"ನಿಮ್ಮ ತಂದೆ ಊರಲ್ಲಿ ಇರಲಿಲ್ಲವಲ್ಲ, ಟ್ರಾನ್ಸ್‌ಫರ್ ಆಗಿ. ಆ ವರ್ಷ." ಅವರು ದನಿ ತಗ್ಗಿಸಿದರು. "ಆಮೇಲೂ ಒಂದಷ್ಟು ದಿನ ನೋಡಿದ್ದೀನಿ. ಮಕ್ಕಳೆಲ್ಲ ಹೋದ ಮೇಲೆ ಒಬ್ಬರೇ ಕ್ಲಾಸಲ್ಲಿ ಚಿತ್ರ ತಗುಲಿಹಾಕಿಕೊಂಡು ಅದರ ಮುಂದೆ ನಿಂತಿರೋರು. ಮನಸ್ಸು ಬದಲಾಯಿಸಿದ್ರು, ಮತ್ತೆ ಶುರುಮಾಡ್ತಾರೆ ಅಂದ್ಕೊಂಡಿದ್ದೆ. ಒಂದಿನ ನೋಡಿದ್ರೆ ಸುತ್ತಿ ಬೀರು ಮೇಲಿಟ್ಟಿದ್ರು."

ಇಷ್ಟು ವರ್ಷ ಮಗಳು ಈ ಮುದುಕನನ್ನು ರಸ್ತೆಯಲ್ಲಿ ಕಂಡರೆ ಮುಖ ತಿರುಗಿಸಿ ಹೋಗಿದ್ದಳು. ಒಮ್ಮೆ ಅಂಗಡಿಗೆ ಕಣ್ಣು ತೋರಿಸಲು ಬಂದಾಗ, ಇವತ್ತು ಆಗಲ್ಲ ಎಂದು ಬಾಗಿಲಿನಿಂದಲೇ ವಾಪಸ್ಸು ಕಳಿಸಿದ್ದಳು.

*

ಟ್ರಾನ್ಸ್‌ಫರ್ ಎನ್ನುವುದು ಆ ವರ್ಷ ಮನೆಯಲ್ಲಿ ಹಾಲು, ಪೇಪರು ಎಂಬಷ್ಟು ಸಹಜವಾಗಿ ಓಡಾಡುತ್ತಿದ್ದ ಮಾತು. ಅಪ್ಪನಿಗೆ ಟ್ರಾನ್ಸ್‌ಫರ್ ಆಗಿದೆ. ಪಕ್ಕದ ಮನೆಯವರಿಗೂ ಅಮ್ಮ ಹೇಳಿದ್ದು ಅದೇ, ಚಿಕ್ಕಮ್ಮನಿಗೂ ಅದೇ, ಮಗಳಿಗೂ ಅದೇ. ಮನೆಯ ಬಾಗಿಲ ಹಿಂದಿನ ಗೂಟಗಳಲ್ಲಿ ಅಪ್ಪನ ಗೂಟ ಬರಿದಾಗಿತ್ತು. ಅಮ್ಮ ಅದಕ್ಕೆ ಬೇರೇನನ್ನೂ ತಗುಲಿಸಲಿಲ್ಲ, ಒದ್ದೆ ಟವೆಲ್ಲನ್ನು ಕೂಡ.

ಒಂದು ಮಧ್ಯಾಹ್ನ ಬಸ್ಸು ಸಿಗ್ನಲಿನಲ್ಲಿ ನಿಂತಾಗ ಮಗಳು ಅಪ್ಪನನ್ನು ಕಂಡಳು. ಮನೆಯ ಗೂಟದಲ್ಲಿರುತ್ತಿದ್ದ ಅದೇ ಕಂದು ಕೋಟು. ಕೈಯಲ್ಲಿ ತರಕಾರಿ ಚೀಲ, ಅವರ ಮನೆಯದಲ್ಲದ ಚೀಲ. ಅವನು ಔಷಧಿ ಅಂಗಡಿಯ ಪಕ್ಕದ ಓಣಿಗೆ ತಿರುಗಿ, ಒಂದು ಹಸಿರು ಗೇಟನ್ನು ಕಾಲಿನಿಂದಲೇ ತಳ್ಳಿ, ತನ್ನ ಮನೆಯೆಂಬಂತೆ ಒಳಗೆ ಹೋದ. ಊರು ಅದೇ ಊರು. ಬಸ್ಸು ಹೊರಟಿತು.

ಅವಳು ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದಳು. ಅಮ್ಮನಿಗೆ ಹೇಳಲು ಬಾಯಿ ತೆರೆದಾಗಲೆಲ್ಲ ಅಮ್ಮ ಹೋಂವರ್ಕ್ ಆಯ್ತಾ ಎಂದು ಕೇಳುತ್ತಿದ್ದಳು. ಹೀಗಿರುವಾಗ ಚಿತ್ರದ ಪೀರಿಯಡ್ ಬಂತು. ಅದೇ ಅಡುಗೆಮನೆ. ಬೆಕ್ಕು ಹೇಳಿದ್ದಾಯಿತು, ಕಿಟಕಿ ಹೇಳಿದ್ದಾಯಿತು. "ಇನ್ನೇನು ಕಾಣುತ್ತೆ?" ಎಂದು ಅಮ್ಮ ಕೇಳಿದಾಗ ಮಗಳು ಕೈ ಎತ್ತಲಿಲ್ಲ. ಎದ್ದು ನಿಂತಳು.

"ಆ ಮನೇಲಿ ಅಪ್ಪ ಇಲ್ಲ. ಬಿಟ್ಟು ಹೋಗಿದ್ದಾನೆ. ಅಮ್ಮನಿಗೆ ಗೊತ್ತು. ಗೊತ್ತಿದ್ದೂ ಮಕ್ಕಳಿಗೆ ಹೇಳ್ತಿಲ್ಲ."

ಅಮ್ಮನ ಬೆರಳು ಗಾಳಿಯಲ್ಲಿ ನಿಂತುಬಿಟ್ಟಿತು. ಎಲ್ಲಿಡಬೇಕೆಂದು ಅದಕ್ಕೆ ಗೊತ್ತಾಗಲಿಲ್ಲ. ಆದರೆ ದನಿ ಎಂದಿನ ದನಿಯೇ.

"ಯಾವುದನ್ನ ನೋಡಿ ಹಾಗನ್ನಿಸ್ತು?"

ಮಗಳು ಚಿತ್ರವನ್ನು ದಿಟ್ಟಿಸಿದಳು. ಹಸಿರು ಗೇಟು ಅದರಲ್ಲಿರಲಿಲ್ಲ. ತರಕಾರಿ ಚೀಲ ಇರಲಿಲ್ಲ. "ಕುರ್ಚಿ," ಎಂದಳು. "ಕುರ್ಚಿ ಖಾಲಿ ಇದೆ."

"ಅದು ಅಡುಗೆ ಮಾಡ್ತಿರೋರ ಕುರ್ಚಿ ಇರಬಹುದಲ್ಲ," ಎಂದಳು ಅಮ್ಮ. ಒಂದು ಮಗುವಿನ ಮಾತನ್ನು ಅಮ್ಮ ಅಲ್ಲಗಳೆದದ್ದು ಅದೊಂದೇ ಸಲ. "ಬೇರೆ ಏನಾದ್ರೂ ಇದ್ರೆ ತೋರಿಸು. ಚಿತ್ರದಲ್ಲಿ ಇರೋದನ್ನ ತೋರಿಸು."

ಎಲ್ಲರೂ ಕಾದರು. ಅವಳಿಗೆ ತೋರಿಸಲು ಏನೂ ಸಿಗಲಿಲ್ಲ. ಕಣ್ಣು ಮಂಜಾಗಿ ಚಿತ್ರ ಕಲಸಿಹೋಯಿತು. "ಕೂತ್ಕೋ. ಇನ್ನೇನು ಕಾಣುತ್ತೆ?" ಎಂದು ಅಮ್ಮ ಪಕ್ಕದ ಹುಡುಗಿಯ ಕಡೆ ತಿರುಗಿದಳು. ಆ ಹುಡುಗಿ ಬ್ರೆಡ್ಡು ಎಂದಳು. ಅಮ್ಮ ಬ್ರೆಡ್ಡಿನ ಮೇಲೆ ಬೆರಳಿಟ್ಟಳು. ಎಲ್ಲರ ಮಾತಿಗೂ ಆ ಕಾಗದದ ಮೇಲೆ ಒಂದು ಕಲೆ ಉಳಿಯಿತು. ಮಗಳ ಮಾತಿಗೆ ಉಳಿಯಲಿಲ್ಲ.

ಮನೆಯಲ್ಲಿ ಅಮ್ಮ ಏನೂ ಕೇಳಲಿಲ್ಲ. ಮಾರನೆಯ ದಿನವೋ ಅದರಾಚೆಯ ದಿನವೋ ಹೆಡ್‌ಮೇಷ್ಟ್ರು ಚಿತ್ರದ ಪೀರಿಯಡ್ ಬೇಡ ಎಂದರು ಎಂದು, ತಟ್ಟೆ ತೊಳೆಯುತ್ತ, ಮುಖ ಕೊಡದೆ ಹೇಳಿದಳು. ಬಹಳ ದಿನಗಳ ಮೇಲೆ ಒಂದು ಸಂಜೆ ಬಂದು ನೋಡಿದರೆ ಗೂಟದಲ್ಲಿ ಕಂದು ಕೋಟು. ಅಪ್ಪ ಊಟ ಮಾಡುತ್ತ ಕೂತಿದ್ದ. "ಟ್ರಾನ್ಸ್‌ಫರ್ ಮುಗೀತು," ಎಂದ ನಗುತ್ತ. ಅಮ್ಮ ಅವನ ತಟ್ಟೆಗೆ ಬಡಿಸಿದಳು. ಆ ಮನೆಯ ಮಟ್ಟಿಗೆ ಆ ವರ್ಷ ನಡೆದೇ ಇರಲಿಲ್ಲ.

ಆಸ್ಪತ್ರೆಯಲ್ಲಿ, ಇನ್ನು ತಡ ಮಾಡಿದರೆ ಆಗದು ಎನ್ನಿಸಿದಾಗ, ಮಗಳು ಕೇಳಿದ್ದಳು. "ಅಮ್ಮಾ, ಅವತ್ತು ಕ್ಲಾಸಲ್ಲಿ ನಾನು ಹೇಳಿದ್ದು ನಿನಗೆ ಅರ್ಥ ಆಗಿತ್ತಾ? ನಿಜ ಅಂತ ಗೊತ್ತಿತ್ತಾ? ಹೂಂ ಅನ್ನು, ಇಲ್ಲ ಊಹೂಂ ಅನ್ನು. ಅಷ್ಟು ಸಾಕು."

ಅಮ್ಮ ಅವಳನ್ನೇ ನೋಡಿದಳು. "ನಿನಗೇನನ್ನಿಸುತ್ತೆ?" ಎಂದಳು. ಆಮೇಲೆ ನೀರು ಕೇಳಿದಳು. ಅವರಿಬ್ಬರ ನಡುವಿನ ಕೊನೆಯ ಮಾತು ನೀರಿನದು.

*

"ಎಲ್ಲರೂ ಕುರ್ಚಿ ಹತ್ತಿರ ಎಳ್ಕೊಳ್ಳಿ," ಎಂದು ಬೆಕ್ಕು ಬಸ್ಸಿನಲ್ಲಿ ಕೂಗುವಂತೆ ಕೂಗಿದ. "ಬಾಗಿಲ ಹತ್ರ ನಿಂತಿರೋರು ಒಳಗೆ ಬನ್ನಿ, ಒಳಗೆ ಜಾಗ ಇದೆ!"

ಈ ಸಲ ಯಾರೂ ನಗುವನ್ನು ಕೆಮ್ಮಿ ಮುಚ್ಚಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳು ಪೆಟ್ಟಿಗೆಯ ಸುತ್ತ ಬಿಲ್ಲಿನಂತೆ ಬಾಗಿದವು. ಮಗಳು ಒಲ್ಲೆನೆಂದಿದ್ದಕ್ಕೆ ಲಾಯರೇ ಚಿತ್ರದ ಪಕ್ಕ ನಿಂತಳು. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ನೋಡಿದರು. ನಡುವಯಸ್ಸಿನ ಮುಖಗಳು, ನರೆತ ಕೂದಲು, ಮಗಳೇ ಅಳತೆ ಮಾಡಿ ಕೊಟ್ಟ ಒಂದೆರಡು ಕನ್ನಡಕಗಳು.

"ಇಲ್ಲಿ ಏನು ನಡೀತಿದೆ?"

"ಬೆಕ್ಕಿಗೆ ಇನ್ನೂ ಹಸಿವು," ಎಂದ ಬೆಕ್ಕು. ಎದ್ದುಹೋಗಿ ಬೆಕ್ಕಿನ ಮೇಲಿನ ಕಲೆಯನ್ನು ಬೆರಳಿನಿಂದ ಮುಟ್ಟಿದ. "ಇದು ನಂದು. ನೋಡಿ, ಟೀಚರ್ ಬೆರಳು." "ಬಸ್ ತಿರುಗಿಸುವಾಗೆಲ್ಲ ಕನ್ನಡಿ ನೋಡಿ ಕೇಳ್ಕೋತೀನಿ ಕಣ್ರೀ, ಇನ್ನೇನು ಕಾಣುತ್ತೆ ಅಂತ. ಒಂದು ಮಗೂನ ಉಳಿಸಿದೆ ಹಾಗೆ."

ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಕಲೆ ಹುಡುಕಿಕೊಂಡರು. ಕಿಟಕಿ, ಬ್ರೆಡ್ಡು, ಒಲೆಯ ಬೆಂಕಿ, ಹೆಂಗಸಿನ ಸೆರಗಿನ ತುದಿ. ಆಸ್ತಿ ಪಾಲಾಗುತ್ತಿದೆಯೇನೋ ಎಂಬಂತೆ ಮಗಳು ಕೂತು ನೋಡಿದಳು. ಅವಳ ಪಾಲಿಗೆ ಏನೂ ಇಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು.

"ಯಜಮಾನ್ರೇ, ನೀವೂ ಹೇಳಿ. ನಿಮಗೇನು ಕಾಣುತ್ತೆ?" ಯಾರೋ ಅಪ್ಪನನ್ನು ಒತ್ತಾಯಿಸಿದರು.

ಅಪ್ಪ ಮೃದುವಾಗಿ ನಕ್ಕ. "ನನಗೆ ಚಿತ್ರ ಗಿತ್ರ ಏನು ಗೊತ್ತಪ್ಪಾ. ಒಂದು ಕುರ್ಚಿ ಖಾಲಿ ಇದೆ. ಯಾರೋ ಊಟಕ್ಕೆ ಲೇಟು."

ಎಲ್ಲರಿಗೂ ನಗು ಬಂತು. ಒಳ್ಳೆಯ ನಗು; ಸಾವಿನ ಮನೆಯಲ್ಲಿ ಸಿಕ್ಕ ಕ್ಷಣದ ಬಿಡುವು. ಚಿಕ್ಕಮ್ಮ ಮಾತ್ರ ಸೆರಗಿನಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು.

"ಇದು ಯಾರದು?" ಎಂದಳು ಲಾಯರು ಇದ್ದಕ್ಕಿದ್ದಂತೆ. ಅವಳು ಕನ್ನಡಕವನ್ನು ಹಣೆಗೇರಿಸಿ, ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿದ್ದಳು. "ಇಲ್ಲೊಂದಿದೆ ನೋಡಿ, ಹಿಂದಿನ ಗೋಡೇಲಿ."

ಮಬ್ಬು ಗೋಡೆಯಲ್ಲಿ ಒಂದು ಸಾಲು ಗೂಟಗಳಿದ್ದವು. ಎರಡು ಗೂಟಗಳಲ್ಲಿ ಪುಟ್ಟ ಕೋಟುಗಳು. ಒಂದರಲ್ಲಿ ಹೆಂಗಸಿನ ಶಾಲು. ಅವಕ್ಕಿಂತ ಎತ್ತರದಲ್ಲಿ, ಎತ್ತರದ ಗಂಡಸಿನ ಕೈಗಷ್ಟೇ ಎಟಕುವಂತೆ, ಇನ್ನೊಂದು ಗೂಟ. ಅದರಲ್ಲಿ ಏನೂ ಇರಲಿಲ್ಲ. ಮಿಕ್ಕ ಕಲೆಗಳು ಕಂದು. ಇಲ್ಲಿ ಮಾತ್ರ ಬೆರಳು ಉಜ್ಜಿ ಉಜ್ಜಿ ಬಣ್ಣವೇ ಎದ್ದುಹೋಗಿ ಕಾಗದದ ಬಿಳಿ ಕಾಣುತ್ತಿತ್ತು.

"ಗೂಟ ಅಂತ ಯಾರು ಹೇಳಿದ್ರು?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಹೇಳಿರಲಿಲ್ಲ.

"ಯಾರೂ ಹೇಳದೆ ಟೀಚರ್ ಬೆರಳಿಡ್ತಿರಲಿಲ್ಲ," ಎಂದ ಬೆಕ್ಕು ತಲೆ ಕೆರೆದುಕೊಳ್ಳುತ್ತ. "ತಡಿ, ತಡಿ. ಒಬ್ಬಳು ಹುಡುಗಿ ಎದ್ದು ನಿಂತು ಏನೋ ಅಂದಿದ್ಲಲ್ಲ, ಈ ಮನೇಲಿ ಅಪ್ಪ ಇಲ್ಲ, ಬಿಟ್ಟು ಹೋಗಿದ್ದಾನೆ ಅಂತ... ಯಾರದು? ಕಿಟಕೀ, ನಿನಗೆ ನೆನಪಿದೆಯಾ? ಯಾರು ಆ ಹುಡುಗಿ?"

ಲಾಯರಿಗೆ ನೆನಪಾಯಿತು. ಅದು ಅವಳ ಮುಖದ ಮೇಲೆ ಬಂದು ಕೂತದ್ದನ್ನು ಮಗಳು ನೋಡಿದಳು. ಲಾಯರ ಕಣ್ಣು ಮೊದಲು ಮಗಳ ಕಡೆ ಹೊರಳಿತು, ಆಮೇಲೆ ಮುಂದಿನ ಸಾಲಿನ ಅಪ್ಪನ ಕಡೆ. "ಬಿಡು," ಎಂದಳು. "ಎಷ್ಟು ಕಾಲ ಆಯ್ತು."

ಅವಳ ಕಣ್ಣು ಹೋದ ದಾರಿಯಲ್ಲೇ ಮಿಕ್ಕವರ ಕಣ್ಣುಗಳೂ ಹೋದವು. ನೋಡುವುದನ್ನು ಅಮ್ಮ ಅವರಿಗೆ ಅಷ್ಟು ಚೆನ್ನಾಗಿ ಕಲಿಸಿದ್ದಳು. ಒಳಗಿನಿಂದ ಯಂತ್ರದ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು.

ಮಗಳು ಎದ್ದು ನಿಂತಳು. ಚಿತ್ರದವರೆಗೆ ನಡೆದುಹೋಗಿ ಆ ಬಿಳಿಯ ಮಚ್ಚೆಯನ್ನು ನೋಡಿದಳು. ಹಾಗಾದರೆ ಅಮ್ಮ ಹುಡುಕಿದ್ದಳು. ಮಕ್ಕಳೆಲ್ಲ ಹೋದ ಮೇಲೆ, ಒಬ್ಬಳೇ ನಿಂತು, ಮಗಳಿಗೆ ಸಿಗದ ಸಾಕ್ಷಿಯನ್ನು ತಾನೇ ಹುಡುಕಿ ತೆಗೆದಿದ್ದಳು. ಒಂದು ದಿನವಲ್ಲ, ಬಣ್ಣ ಎದ್ದುಹೋಗುವಷ್ಟು ದಿನ ಅದರ ಮೇಲೆ ಬೆರಳಿಟ್ಟು ನಿಂತಿದ್ದಳು. ಆಮೇಲೆ ಮನೆಗೆ ಬಂದು ತಟ್ಟೆ ತೊಳೆದಿದ್ದಳು. ಅರ್ಥವಾಗಿರಲಿಲ್ಲವೇನೋ ಎಂದು ಇಷ್ಟು ಕಾಲ ಅಂದುಕೊಂಡದ್ದೇ ವಾಸಿಯಿತ್ತು. ಅರ್ಥವಾಗದವಳನ್ನು ಕ್ಷಮಿಸಬಹುದಿತ್ತು.

ಅವಳು ತಿರುಗಿದಳು. ದನಿ ಅಮ್ಮನ ದನಿಯಷ್ಟೇ ಸಮನಾಗಿ ಬಂತು.

"ಅಪ್ಪಾ, ಇನ್ನೇನು ಕಾಣುತ್ತೆ ನಿನಗೆ?"

ಅಪ್ಪನ ಮುಖದ ಮೇಲಿನ ನಗು ಎಲ್ಲಿಗೂ ಹೋಗಲಿಲ್ಲ. ಆರಿಹೋದ ಅಂಟಿನಂತೆ ಅಲ್ಲೇ ಗಟ್ಟಿಯಾಯಿತು. ಅವನು ಚಿತ್ರವನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದ.

"ಕಣ್ಣು ಸರಿಯಾಗಿ ಕಾಣಲ್ಲಮ್ಮಾ ನನಗೆ," ಎಂದ.

ಅವನ ಕನ್ನಡಕದ ನಂಬರು ಕೊಟ್ಟವಳೇ ಅವಳು. ಅವಳ ಅಂಗಡಿಯ ಗೋಡೆಯ ಕೊನೆಯ ಸಾಲಿನ ಅಕ್ಷರದವರೆಗೆ ಓದುತ್ತಿದ್ದ.

ಒಳಬಾಗಿಲು ತೆರೆದು ಮೇಲ್ವಿಚಾರಕ ಕೈ ಒರೆಸಿಕೊಳ್ಳುತ್ತ ಬಂದ. "ನಿಮ್ಮದು ಬಂತು. ಎತ್ಕೊಳ್ಳೋರು ನಾಲ್ಕು ಜನ ಬನ್ನಿ. ಆ ಪೇಪರ್ ಇಳಿಸಿ ಗೋಡೆಯಿಂದ, ಮುಂದಿನೋರು ಹೊರಗೆ ಕಾಯ್ತಿದ್ದಾರೆ."

ಎಲ್ಲರೂ ಒಟ್ಟಿಗೆ, ಬಿಡುಗಡೆಯಾದವರಂತೆ, ಎದ್ದರು.

*

ಮುಗಿಯಿತು. ಹೊರಗೆ ಗಾಳಿ ಎದ್ದಿತ್ತು, ಚಳಿ ಕೊರೆಯುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೇ ಬಂದು ಅವಳ ಕೈ ಹಿಡಿದು ಒತ್ತಿ ಹೋದರು. ಬೆಕ್ಕು ಸುತ್ತಿದ ಚಿತ್ರವನ್ನು ತಂದು, "ಇದು ನಿಮ್ಮ ಮನೇಲೇ ಇರ್ಲಿ," ಎಂದು ಕಾರಿನ ಹಿಂದಿನ ಸೀಟಿನಲ್ಲಿ, ಅಪ್ಪನ ಪಕ್ಕದಲ್ಲಿಟ್ಟು ಬಾಗಿಲು ಹಾಕಿದ.

ಅವಳು ಗಾಡಿ ಶುರು ಮಾಡುವಷ್ಟರಲ್ಲಿ ಅಪ್ಪ, "ನನ್ನ ಕೋಟು," ಎಂದ. "ಒಳಗೇ ಉಳೀತು ಅನ್ಸುತ್ತೆ."

ಅವಳು ಇಳಿದು ಹೋದಳು. ಹಾಲ್‌ನಲ್ಲಿ ಆಗಲೇ ಬೇರೆ ಪೆಟ್ಟಿಗೆ, ಬೇರೆ ಜನ, ಬೇರೆ ಅಳು. ಬಾಗಿಲ ಪಕ್ಕದ ಗೂಟಗಳೆಲ್ಲ ಅಪರಿಚಿತರ ಕೋಟು ಶಾಲುಗಳಿಂದ ತುಂಬಿದ್ದವು. ಅವುಗಳ ನಡುವೆ ಅಪ್ಪನ ಕೋಟು. ಅದರ ಮೇಲಿನ ಗುಂಡಿಯನ್ನು ಅಮ್ಮ ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಳು, ಆಸ್ಪತ್ರೆಗೆ ಸೇರುವ ಮುಂಚೆ. ಮಗಳು ಆ ಗುಂಡಿಯನ್ನು ಬೆರಳಿನಿಂದ ಮುಟ್ಟಿದಳು. ಸ್ವಲ್ಪ ಹೊತ್ತು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಆಮೇಲೆ ಕೈ ತೆಗೆದು, ಬಂದ ದಾರಿಯಲ್ಲೇ ಬರಿಗೈಯಲ್ಲಿ ಹೊರಗೆ ನಡೆದಳು.

"ಸಿಗ್ತಾ?" ಎಂದಳು ಮುಂದಿನ ಸೀಟಿನಲ್ಲಿದ್ದ ಚಿಕ್ಕಮ್ಮ.

"ಗೂಟ ಖಾಲಿ ಇತ್ತು."

"ಸರಿಯಾಗಿ ನೋಡಿದ್ಯೇನೇ?"

"ನೋಡಿದೆ."

ಕನ್ನಡಿಯಲ್ಲಿ ಅಪ್ಪನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಅವನು ಕಣ್ಣು ತಗ್ಗಿಸಿದ. ಬರೀ ಅಂಗಿಯಲ್ಲಿ ಚಳಿಗೆ ಮುದುಡಿ ಕೂತಿದ್ದ. ಚಿತ್ರದ ಸುರುಳಿ ಅವನ ತೊಡೆಯ ಮೇಲೆ ಉರುಳಿ ಬಂದಿತ್ತು. ಗಾಡಿ ಕುಲುಕಿದಾಗಲೆಲ್ಲ ಅದರ ಅಂಚು ಬಿಚ್ಚಿಕೊಳ್ಳಲು ನೋಡುತ್ತಿತ್ತು. ಅದು ತೆರೆದುಕೊಳ್ಳದಂತೆ ಅವನು ಎರಡೂ ಕೈಗಳಿಂದ ಅದುಮಿ ಹಿಡಿದಿದ್ದ.